ಮತ್ತಿ ಸೊಪ್ಪು ಕಿವುಚಿದ ಮಳೆಗಾಲ

ಕಳೆದ ತಿಂಗಳು ಕಾಯ್ಕಿಣಿಯಲ್ಲಿ, ನನ್ನ ಹೆಂಡತಿಯ ತವರುಮನೆಯ ಹಿಂದಿನ ಜಗಲಿಯಲ್ಲಿ, ನಾನು ಪಂಚೆ ಮೇಲೆ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಬೋಗುಣಿಯ ನೀರಿನಲ್ಲಿ ಮತ್ತಿ ಸೊಪ್ಪು ಕಿವುಚುತ್ತಿದ್ದೆ. ಐವತ್ತು ದಾಟಿದ ಗಂಡಸು, ಅದೂ ಇಪ್ಪತ್ತೈದು ವರ್ಷ ಕುಮಟೆಯಲ್ಲಿ ನೋಂದಣಿ ಕಚೇರಿಯ ಜಗಲಿಯ ಮೇಲೆ ಕೂತು ಜನರ ಗದ್ದೆ ತೋಟಗಳ ದಸ್ತಾವೇಜು ಬರೆದವನು, ಹೆಂಗಸರ ತಲೆಗೆ ಗೊಂಪು ಮಾಡುವ ಈ ಹುದ್ದೆಗೆ ಹೇಗೆ ನೇಮಕಗೊಂಡನೆಂದು ಹೊಸಬರು ಕೇಳುವುದುಂಟು. ಹಳಬರು ಕೇಳುವುದಿಲ್ಲ. ಅವರಿಗೆ ನನ್ನ ಕೀರ್ತಿ ಗೊತ್ತು. ಭಟ್ಕಳ, ಹೊನ್ನಾವರ, ಕುಮಟೆ ಈ ಮೂರು ತಾಲೂಕುಗಳಲ್ಲಿ ನಾನು ಬರೆದ ಒಂದು ಕ್ರಯಪತ್ರವನ್ನೂ ಯಾರೂ ನೆನಪಿಟ್ಟುಕೊಂಡಿಲ್ಲ. ನಾನು ಕಿವುಚಿದ ಗೊಂಪನ್ನು ಮಾತ್ರ ನೆಂಟರಿಷ್ಟರೆಲ್ಲ ಕೊಂಡಾಡುತ್ತಾರೆ.

ಗೊಂಪು ಎಂದರೆ ಹೆಚ್ಚೇನಿಲ್ಲ. ಮತ್ತಿ ಅಥವಾ ದಾಸವಾಳದ ಸೊಪ್ಪನ್ನು ತಣ್ಣೀರಿನಲ್ಲಿ ಹಿಸುಕಿದಾಗ ಬಿಡುವ ಹಸಿರು ಲೋಳೆ. ಎಣ್ಣೆ ಹಚ್ಚಿದ ತಲೆಗೆ ಅದನ್ನು ತಿಕ್ಕಿ ಮೀಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹೆಂಡತಿಯ ಅಣ್ಣನ ಮಗಳು ಸವಿತಾ ಬಾಣಂತನ ಮುಗಿಸಿದ್ದಳು, ಮಗುವಿಗೆ ಐದನೇ ತಿಂಗಳು ನಡೆಯುತ್ತಿತ್ತು. ತಲೆಗೂದಲು ಬಾಚಣಿಗೆಗೆ ಉಂಡೆ ಉಂಡೆಯಾಗಿ ಬರುತ್ತಿತ್ತು. "ಮಾವ, ನಿಮ್ಮ ಕೈಯ ಗೊಂಪು ಒಂದು ಸಲ ಬೀಳ್ಲಿ" ಎಂದು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೇ ಕೂತಿದ್ದಳು. ಕಂಬಕ್ಕೊರಗಿ ನನ್ನ ಹೆಂಡತಿ ನಾಗವೇಣಿ ಅವರೆಕಾಳು ಸುಲಿಯುತ್ತಿದ್ದಳು. ಸೊಪ್ಪು ಹರಿದು ನೀರು ದಪ್ಪವಾಗುತ್ತಿದ್ದಂತೆ ಆ ವಾಸನೆ ಎದ್ದಿತು. ಹಸಿ ತೊಗಟೆಯದೋ ಎಳೆ ಬೆಂಡೆಯದೋ ಎಂದು ಹೇಳಲಾಗದ, ಸ್ವಲ್ಪ ಒಗರಾದ ವಾಸನೆ. ಆ ವಾಸನೆಗೆ ನಾನು ಯಾವತ್ತೂ ಒಂದೇ ಕಡೆ ಹೋಗಿ ನಿಲ್ಲುತ್ತೇನೆ: 1999ರ ಮಳೆಗಾಲ, ಮಿರ್ಜಾನಿನ ನಮ್ಮ ಬಾಡಿಗೆ ಮನೆಯ ಬಚ್ಚಲು.

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮಗಳು ತೀರಿಕೊಂಡಳು. ಐದು ವರ್ಷ ತುಂಬಿತ್ತು. ಮೂರು ದಿನದ ಜ್ವರ. ಈ ವಿಷಯದಲ್ಲಿ ಇಷ್ಟು ಮಾತ್ರ ಬರೆಯಬಲ್ಲೆ. ಎಷ್ಟೋ ಸಲ ಕೂತು ಇಷ್ಟನ್ನೇ ಬರೆದು ಎದ್ದಿದ್ದೇನೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ್ದಳು. ಶಾಲೆಗೆಂದು ಇಟ್ಟ ಹೆಸರು ವೀಣಾ, ಅದನ್ನು ಹಾಜರಿಯಲ್ಲಿ ಯಾರೂ ಕೂಗಲಿಲ್ಲ. ಮನೆಯಲ್ಲಿ ಪುಟ್ಟಿ. ಪುಟ್ಟಿಗೆ ಒಂದು ಅಭ್ಯಾಸವಿತ್ತು. ಮಧ್ಯಾಹ್ನ ಉಂಡ ಮೇಲೆ ಅಮ್ಮನ ಬಲಗಡೆ ಮಲಗಿ, ಅಮ್ಮನ ಕಿವಿಯ ಮೇಲಿನ ಕೂದಲನ್ನು ನಾಲ್ಕೆಳೆ ಹಿಡಿದು ಬೆರಳಿಗೆ ಸುತ್ತುವುದು, ಎಳೆಯುವುದು, ಬಿಚ್ಚಿ ಮತ್ತೆ ಸುತ್ತುವುದು. ಹಾಗೆ ಮಾಡದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. "ಇದು ನನ್ನ ತಲೆ ಬೋಳು ಮಾಡ್ತದೆ, ನೋಡಿ" ಎಂದು ನಾಗವೇಣಿ ನನ್ನಲ್ಲಿ ದೂರು ಸಲ್ಲಿಸುತ್ತಿದ್ದಳೇ ಹೊರತು ಕೂದಲು ಬಿಡಿಸಿಕೊಂಡದ್ದನ್ನು ನಾನು ಕಾಣೆ. ಅವಳ ಕೂದಲಾದರೋ ಕೂತರೆ ನೆಲ ಮುಟ್ಟುವಂಥದು. ಭಟ್ಕಳದ ಮಲ್ಲಿಗೆ ಎರಡು ಮೊಳ ಮುಡಿಸಿದರೂ ಎಲ್ಲಿ ಹೋಯಿತೆಂದು ಹುಡುಕಬೇಕಿತ್ತು.

ಸೂತಕದ ಸ್ನಾನವೇ ಕೊನೆ. ಅಲ್ಲಿಂದ ನಾಗವೇಣಿ ತಲೆಗೆ ನೀರು ಹಾಕಲಿಲ್ಲ. ಎಣ್ಣೆಯಿಲ್ಲ, ಬಾಚಣಿಗೆಯಿಲ್ಲ, ತುರುಬು ಹೇಗೆ ಸುತ್ತಿತ್ತೋ ಹಾಗೇ ಗಂಟುಗಟ್ಟಿತು. ಮಳೆ ಹಿಡಿಯಿತು. ಅಘನಾಶಿನಿ ತುಂಬಿ ಕೆಂಪಾಗಿ ಹರಿಯತೊಡಗಿದಳು. ಹೊನ್ನಾವರದಿಂದ ನನ್ನ ಅಕ್ಕ ಒಂದು ಚೀಲ ಸೀಗೆಕಾಯಿ, ಒಂದು ಚೀಲ ಅಂಟುವಾಳಕಾಯಿ, ಒಂದು ಚೀಲ ಬುದ್ಧಿಮಾತು ಹೊತ್ತುಕೊಂಡು ಬಂದಳು. ತಲೆ ಮೀಯದ ಹೆಂಗಸು ಮನೆಯಲ್ಲಿದ್ದರೆ ಮನೆಗೆ ಒಳ್ಳೆಯದಲ್ಲವೆಂದು ತೀರ್ಪು ಕೊಟ್ಟು, ನಾಗವೇಣಿಯನ್ನು ತೋಳು ಹಿಡಿದು ಬಚ್ಚಲಿಗೆ ಎಳೆದೊಯ್ದಳು. ಒಂದು ಗಂಟೆಯ ಮೇಲೆ ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದಳು.

"ತಮ್ಮಾ, ಬಲಗಿವಿ ಮೇಲೆ ನಾಲ್ಕಾಣೆಯಷ್ಟು ಬೋಳಾಗಿದೆ. ನೀ ನೋಡಿದ್ಯಾ?"

ನಾನು ನೋಡಿರಲಿಲ್ಲ. ಆಗ ನಾನು ಅವಳ ಮುಖವನ್ನೇ ನೋಡುತ್ತಿರಲಿಲ್ಲ, ಅವಳೂ ನನ್ನದನ್ನು. ಒಂದೇ ಮನೆಯಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಎರಡು ತಿಂಗಳು ಊಟ ಮಾಡುವುದು ಹೇಳಿದಷ್ಟು ಕಷ್ಟವಲ್ಲ. ಅಕ್ಕನಿಗೆ ಅವಳದೇ ಸಂಸಾರವಿತ್ತು, ಹೊರಡಬೇಕು. ನಾಗವೇಣಿಯ ತಾಯಿ ಕಾಯ್ಕಿಣಿಯಲ್ಲಿ ಹಾಸಿಗೆ ಹಿಡಿದಿದ್ದಳು. ಹೀಗಾಗಿ ಸದರಿ ಕೂದಲಿನ ಸಂಪೂರ್ಣ ಹೊಣೆ, ಯಾವುದೇ ತಕರಾರಿಲ್ಲದೆ, ನನ್ನ ಸುಪರ್ದಿಗೆ ಬಂತು.

ನಾನು ಅದನ್ನು ಅಪ್ಪಿಕೊಂಡೆ ಎಂದರೆ ತಪ್ಪಲ್ಲ. ಮಾಡುವುದಕ್ಕೆ ಏನಾದರೂ ಒಂದು ಬೇಕಿತ್ತು. ಮಗಳ ವಿಷಯದಲ್ಲಿ ಮಾಡುವಂಥದ್ದೇನೂ ಉಳಿದಿರಲಿಲ್ಲ. ಕೂದಲಿನ ವಿಷಯದಲ್ಲಿ ರಾಶಿ ಉಳಿದಿತ್ತು. ಹೆಂಗಸರು ತಲೆ ಮೀಯುವುದು ಮಂಗಳವಾರ, ಶುಕ್ರವಾರ. ನನಗೆ ರಜೆ ಭಾನುವಾರ. ಶಾಸ್ತ್ರಕ್ಕೂ ಸರ್ಕಾರಕ್ಕೂ ನಡೆದ ಈ ವ್ಯಾಜ್ಯದಲ್ಲಿ ಸರ್ಕಾರ ಗೆದ್ದಿತು. ಭಾನುವಾರ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿ, ನಾಗವೇಣಿಯನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ನಾನು ಕನ್ನಡಕ ತೆಗೆದಿಟ್ಟು ಕರ್ತವ್ಯಕ್ಕೆ ಹಾಜರಾಗುತ್ತಿದ್ದೆ.

ಸೊಪ್ಪು ತಂದುಕೊಡುತ್ತಿದ್ದವಳು ಮಾದೇವಿ. ಮಿರ್ಜಾನಿನ ಆಚೆಯ ಕೇರಿಯಿಂದ ತರಕಾರಿ ಬುಟ್ಟಿ ಹೊತ್ತು ಮನೆಮನೆಗೆ ಬರುವ ಹೆಂಗಸು. ನಡೆಯುವಾಗ ಹಾಡು, ಬುಟ್ಟಿ ಇಳಿಸುವಾಗ ಹಾಡು. ಪುಟ್ಟಿ ಇದ್ದಾಗ ಅವಳಿಗೊಂದು ಎಳೆ ಸೌತೆ ಕೊಟ್ಟೇ ವ್ಯಾಪಾರ ಸುರು ಮಾಡುತ್ತಿದ್ದಳು. ಮೊದಲ ಭಾನುವಾರ ನಾನು ಅವಳು ತಂದ ಮತ್ತಿ ಸೊಪ್ಪನ್ನು ದೊಡ್ಡ ಪಾತ್ರೆಗೆ ಹಾಕಿ ಕುದಿಸಿಬಿಟ್ಟೆ. ಸೀಗೆಯನ್ನು ಕುದಿಸುತ್ತಾರೆ, ಆದ್ದರಿಂದ ಸೊಪ್ಪನ್ನೂ ಕುದಿಸತಕ್ಕದ್ದು ಎಂಬುದು ನನ್ನ ತರ್ಕ. ಲೋಳೆ ಸತ್ತು ಕಂದು ನೀರು ಉಳಿಯಿತು. ಮಾದೇವಿ ಪಾತ್ರೆಯೊಳಗೆ ಇಣುಕಿ ನೋಡಿದಳು.

"ಕಷಾಯ ಮಾಡೀರ್ಯಾ ಒಡ್ಯಾ? ಕುಡ್ಸೂಕನಾ, ಮೀಸೂಕನಾ?"

ಆಮೇಲೆ ತಾನೇ ಕೂತು ತೋರಿಸಿದಳು. ಸೊಪ್ಪಿಗೆ ಬಿಸಿ ತಾಗಬಾರದು. ತಣ್ಣೀರಿನಲ್ಲಿ ನೆನೆಸಿ, ಅಂಗೈಯಿಂದ ಒತ್ತಿ ತಿರುಚಬೇಕು, ಹಸುವಿನ ಕೆಚ್ಚಲಿಗೆ ಕೈ ಹಾಕಿದ ಹಾಗೆ. ಅವಸರ ಮಾಡಿದರೆ ಸೊಪ್ಪು ಪುಡಿಯಾಗಿ ಕೂದಲಲ್ಲಿ ಕೂರುತ್ತದೆ. ಹಳೆಯ ಪಂಚೆಯ ತುಂಡಿನಲ್ಲಿ ಸೋಸಬೇಕು. ಎರಡನೇ ಭಾನುವಾರ ನಾನು ಗೊಂಪನ್ನೇನೋ ಗೆದ್ದೆ, ಅಂಟುವಾಳದಲ್ಲಿ ಸೋತೆ. ನೊರೆಯನ್ನು ಸೀದಾ ಅವಳ ಕಣ್ಣಿಗೇ ಇಳಿಸಿದೆ. ನಾಗವೇಣಿ ಕೂಗಲೂ ಇಲ್ಲ. ನಾನು ಮೂರು ಸಲ ತಪ್ಪಾಯಿತೆಂದ ಮೇಲೆ, "ಇರ್ಲಿ, ಹೇಗೂ ಕೆಂಪೇ ಇತ್ತು" ಎಂದಳು. ಆ ತಿಂಗಳಲ್ಲಿ ಅವಳು ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದು.

ಕಚೇರಿಯ ಜಗಲಿಯಲ್ಲಿ ವಿಷಯ ತಿಳಿದು, ಸಲಹೆಗಳು ಅರ್ಜಿಗಳ ಹಾಗೆ ಬಂದು ಬಿದ್ದವು. ಭಟ್ಕಳದಿಂದ ಗದ್ದೆ ಕ್ರಯಕ್ಕೆ ಬಂದ ಸಾಹೇಬರೊಬ್ಬರು ಮೆಹಂದಿ ಸೊಪ್ಪು ಅರೆದು ಮೊಸರಿನಲ್ಲಿ ಕಲಸಿ ಹಚ್ಚಲು ಹೇಳಿದರು. ಕಾಗಾಲದ ಗೌಡರು ಮೆಂತೆ ನೆನೆಸಿ ಅರೆಯಬೇಕೆಂದರು. ಬಸ್ಸಿನ ಕಂಡಕ್ಟರು ಈರುಳ್ಳಿ ರಸವೇ ಆಗಬೇಕೆಂದು ಹಟ ಹಿಡಿದರು. ನಮ್ಮ ಅಧಿಕಾರಿಗಳು, ನೆತ್ತಿಯಿಂದ ಹಿಂಗತ್ತಿನವರೆಗೆ ಒಂದೆಳೆಯೂ ಇಲ್ಲದವರು, ಕೂದಲಿನ ಆರೈಕೆಯ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾವೆಲ್ಲ ಎದ್ದು ನಿಂತು ಕೇಳಿದೆವು. ಹೇಳಿದ್ದೆಲ್ಲವನ್ನೂ ನಾನು ಸರದಿಯ ಮೇಲೆ ಮಾಡಿದೆ. ಈರುಳ್ಳಿಯ ವಾರ ಮನೆಯಲ್ಲಿ ನೊಣವೂ ನಿಲ್ಲಲಿಲ್ಲ. ಕೊನೆಗೆ ಎರೆಯಲು ಒಂದು ನೀರನ್ನು ನಾನೇ ರೂಪಿಸಿದೆ: ಪೇರಲೆ ಎಲೆ, ತುಳಸಿ, ಒಣಗಿಸಿದ ನೆಲ್ಲಿಚಟ್ಟು ಎರಡು ಕುದಿಸಿ ಆರಿಸಿ, ಅದಕ್ಕೆ ಹಿಂದಿನ ದಿನದ ಅಕ್ಕಿ ತೊಳೆದ ನೀರು ಬೆರೆಸಿದ್ದು. ಈಗ ಮೂರು ತಾಲೂಕಿನಲ್ಲಿ ಹೆಸರಾಗಿರುವುದು ಇದೇ.

ದಸ್ತಾವೇಜು ಬರೆಯುವವನ ಚಟ, ಬೋಳು ಜಾಗಕ್ಕೂ ನಾನು ಚೆಕ್ಕುಬಂದಿ ಬರೆದಿಟ್ಟೆ. ಒಂದು ನೋಟುಬುಕ್ಕಿನಲ್ಲಿ ಪ್ರತಿ ಭಾನುವಾರದ ದಾಖಲೆ: ಪೂರ್ವಕ್ಕೆ ಬಲಗಿವಿ, ಪಶ್ಚಿಮಕ್ಕೆ ಬೈತಲೆ, ಉತ್ತರಕ್ಕೆ ಹಣೆಯಂಚು, ದಕ್ಷಿಣಕ್ಕೆ ತುರುಬು, ವಿಸ್ತೀರ್ಣ ಇಷ್ಟು. ನಾಲ್ಕಾಣೆ ಎಂಟಾಣೆಯಾಯಿತು, ಎಂಟಾಣೆ ರೂಪಾಯಿಯಾಯಿತು. ಶ್ರಾವಣ ಕಳೆಯುವ ಹೊತ್ತಿಗೆ ಅಂಗೈಯ ಅರ್ಧದಷ್ಟು. ಬೇರೆ ಕಡೆಯ ಕೂದಲೆಲ್ಲ ಗೊಂಪು ಕುಡಿದು ಮಿರಮಿರ ಮಿಂಚುತ್ತಿತ್ತು. ಈ ಒಂದು ತುಂಡು ಮಾತ್ರ ವಾರ ವಾರ ಒತ್ತುವರಿಯಾಗುತ್ತಿತ್ತು.

ಒಂದು ಭಾನುವಾರ ಮಾದೇವಿ ತಲೆ ನೋಡಿದಳು. ಒದ್ದೆ ಕೂದಲು ಸರಿಸಿ, ಬೋಳಿನ ಮೇಲೆ ಹೆಬ್ಬೆರಳು ಆಡಿಸಿ ಹೊರಗೆ ಬಂದಳು. ನಮ್ಮಲ್ಲಿ ಹೆಂಗಸರು ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಮಾಡಿ ಬಚ್ಚಲ ಹೊರಗೋಡೆಯ ಸಂದಿಗೆ ತುರುಕುತ್ತಾರೆ, ಯಾರೂ ತುಳಿಯಬಾರದೆಂದು. ಮಾದೇವಿ ಆ ಸಂದಿಗೆ ಬೆರಳು ಹಾಕಿ ನೋಡಿ ನನ್ನ ಕಡೆ ತಿರುಗಿದಳು.

"ಇದು ಉದ್ರಿದ್ದಲ್ಲ ಒಡ್ಯಾ. ಉದ್ರಿದ್ದಾದ್ರೆ ಇಲ್ಲಿ ಉಂಡೆ ಇರೂದಿಲ್ವಾ?"

ನಾನು ಅದನ್ನು ಎದುರು ವಕೀಲರ ವಾದವೆಂದು ತಿಳಿದು, ನೀರಿನ ದೋಷ, ದೇಹದ ಉಷ್ಣ ಇತ್ಯಾದಿ ಪ್ರತಿವಾದ ಹೂಡಿದೆ. ಅವಳು ಕೇಳಿಸಿಕೊಂಡಳು. "ಅಮ್ಮನ ಹತ್ರ ಕೂತು ಮಾತಾಡ್ತ್ರಾ, ಬರೀ ಸೊಪ್ಪೇ ಹಿಂಡ್ತ್ರಾ?" ಎಂದು ಕೇಳಿ ಬುಟ್ಟಿ ಎತ್ತಿದಳು.

ಇದನ್ನು ಓದುತ್ತಿರುವವರಿಗೆ ಇಷ್ಟರಲ್ಲೇ ಎಲ್ಲ ತಿಳಿದಿರುತ್ತದೆ. ಸಾಕ್ಷ್ಯವೆಲ್ಲ ನನ್ನ ಕೈಯಲ್ಲೇ ಇತ್ತು, ನನ್ನದೇ ಅಕ್ಷರದಲ್ಲಿ ಬರೆದಿತ್ತು: ಪೂರ್ವಕ್ಕೆ ಬಲಗಿವಿ. ಆದರೆ ಜೀವಮಾನವಿಡೀ ಬೇರೆಯವರ ಸೊತ್ತಿನ ಗಡಿ ಬರೆದವನಿಗೆ ಸ್ವಂತ ಮನೆಯೊಳಗಿನದು ಓದಲು ಬರಲಿಲ್ಲ.

ಚೌತಿ ಮುಗಿಸಿ ಅಕ್ಕ ಮತ್ತೆ ಬಂದಳು. ಬೋಳು ನೋಡಿ ಅಂತಿಮ ಉಪಾಯ ಹೇಳಿದಳು: ಕೂದಲು ಗಿಡ್ಡ ಕತ್ತರಿಸಿಬಿಡಿ. ಇಷ್ಟು ಭಾರ ಹೊತ್ತ ಬುಡಕ್ಕೆ ಸೊಪ್ಪಿನ ಸತ್ವ ಇಳಿಯುವುದು ಹೇಗೆ? ಗಾಳಿಯಾಡಬೇಕು, ರಸ ಬುಡಕ್ಕೇ ಹೋಗಬೇಕು. ನನಗೆ ಅದರಲ್ಲಿ ಯಾವ ಲೋಪವೂ ಕಾಣಲಿಲ್ಲ. ಅಕ್ಕ ಹೋದ ಮರುದಿನ ನಾಗವೇಣಿಯ ಮುಂದೆ ಪ್ರಸ್ತಾಪವಿಟ್ಟೆ.

"ಬೇಡ" ಎಂದಳು.

ಆ ಮಳೆಗಾಲದಲ್ಲಿ ಅವಳು ಬೇಡವೆಂದದ್ದು ಅದೊಂದನ್ನೇ. ಈರುಳ್ಳಿಗೆ ಬೇಡವೆನ್ನಲಿಲ್ಲ, ಅಂಟುವಾಳಕ್ಕೆ ಬೇಡವೆನ್ನಲಿಲ್ಲ. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಒಪ್ಪದ ಕಕ್ಷಿದಾರರನ್ನು ಒಪ್ಪಿಸುವುದೇ ನನ್ನ ಕಸುಬು. ಮೂರು ದಿನ ಒಂದೊಂದೇ ಕಲಮು ವಿವರಿಸಿದೆ. ಮತ್ತೆ ಬೆಳೆಯುತ್ತದೆ, ಮೊದಲಿಗಿಂತ ಸೊಂಪಾಗಿ ಬೆಳೆಯುತ್ತದೆ ಎಂದೆ.

"ಬೆಳಿಯೂವರೆಗೆ?" ಎಂದಳು.

"ಬೆಳಿಯೂವರೆಗೆ ಸೆರಗು ಹೊದ್ಕ. ಯಾರು ನೋಡ್ತ್ರು?"

ಅವಳು ನನ್ನನ್ನು ನೋಡಿದಳು. ನಾಲ್ಕೈದು ತಿಂಗಳಲ್ಲಿ ಮೊದಲ ಸಲ ಮುಖಕ್ಕೆ ಮುಖ ಕೊಟ್ಟು ನೋಡಿದಳು. ನಾನು ಅದನ್ನು ಶುಭಸೂಚನೆಯೆಂದು ದಾಖಲಿಸಿಕೊಂಡೆ. ಆಮೇಲೆ ಅವಳು "ಆತು" ಎಂದಳು.

ಭಾನುವಾರ ಕಚೇರಿಯ ಕಾಗದದ ಕತ್ತರಿಯಿಂದ ನಾನೇ ಕತ್ತರಿಸಿದೆ. ಜಡೆ ಒಂದೇ ಸಲಕ್ಕೆ ಬರಲಿಲ್ಲ. ಹಗ್ಗ ಕೊಯ್ದ ಹಾಗೆ ಕೊಯ್ಯಬೇಕಾಯಿತು. ಮುಗಿದ ಮೇಲೆ ಅವಳು ಕಲ್ಲಿನ ಮೇಲೆ ಕುತ್ತಿಗೆ ಬಗ್ಗಿಸಿಯೇ ಕೂತಿದ್ದಳು, ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು. ನಾನು ಗೊಂಪು ಹಾಕಿ ತಿಕ್ಕಿದೆ. ಬುಡಕ್ಕೆ ಸರಾಗವಾಗಿ ಇಳಿಯಿತು. ಅಕ್ಕನ ಮಾತು ನಿಜವಾಯಿತೆಂದು ಸಂತೋಷಪಟ್ಟೆ. ಮರುವಾರ ಮಾದೇವಿ ಬಂದವಳು ಸೆರಗಿನ ಕೆಳಗೆ ಕಂಡದ್ದನ್ನು ಕಂಡು, "ಗಂಡ ಬದ್ಕಿದ್ದ ಹೆಂಗ್ಸಿಗೆ ಹೀಂಗ್ ಮಾಡ್ತ್ರಾ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಸೊಪ್ಪು ಜಗಲಿಯ ಮೇಲೆ ಸುರಿದು ಹೋದಳು. ಅವತ್ತು ಹಾಡಲಿಲ್ಲ.

ಅದಾಗಿ ಮೂರು ವಾರ ಇರಬೇಕು. ಹಿಂಗಾರಿನ ಗಾಳಿಗೆ ಕಂಬ ಬಿದ್ದು ಕಚೇರಿಯಲ್ಲಿ ವಿದ್ಯುತ್ತಿಲ್ಲ, ಅಧಿಕಾರಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕಿಸಿದರು. ಬಸ್ಸಿಳಿದು ಮಳೆಯಲ್ಲಿ ನಡೆದು ಬಂದೆ. ಮುಂಬಾಗಿಲು ಮುಚ್ಚಿತ್ತು. ಜಗಲಿಯಿಂದ ಕಿಟಕಿಯೊಳಗೆ ನೋಡಿದೆ. ನಾಗವೇಣಿ ಚಾಪೆಯ ಮೇಲೆ ಮಲಗಿದ್ದಳು. ಬಲಗಡೆ ಪುಟ್ಟಿಯ ಸಣ್ಣ ದಿಂಬಿತ್ತು. ಕಣ್ಣು ಮುಚ್ಚಿತ್ತು. ಬಲಗೈ ಕಿವಿಯ ಮೇಲೆ ಹೋಗಿ, ತೋರುಬೆರಳು ಗಿಡ್ಡ ಕೂದಲನ್ನು ಹುಡುಕಿ ಹಿಡಿದು ಸುತ್ತಲು ನೋಡುತ್ತಿತ್ತು. ಸುತ್ತುವಷ್ಟು ಉದ್ದವಿರಲಿಲ್ಲ. ಬೆರಳು ಜಾರುತ್ತಿತ್ತು. ಮತ್ತೆ ಹುಡುಕುತ್ತಿತ್ತು, ಮತ್ತೆ ಜಾರುತ್ತಿತ್ತು. ಅವಳ ಬೆರಳಲ್ಲ ಅದು. ಆ ಸುತ್ತುವ ರೀತಿ, ನಾಲ್ಕೆಳೆ ಹಿಡಿಯುವ ರೀತಿ, ನನಗೆ ಗೊತ್ತಿದ್ದದ್ದು.

ನಾನು ಎಷ್ಟು ಹೊತ್ತು ನಿಂತೆನೋ. ಆಮೇಲೆ ಸದ್ದಾಗದಂತೆ ಮೆಟ್ಟಿಲಿಳಿದು ಬಸ್ ನಿಲ್ದಾಣಕ್ಕೆ ವಾಪಸು ಹೋದೆ. ಅಲ್ಲಿ ಬೆಂಚಿನ ಮೇಲೆ ಕೂತು, ದಿನವೂ ಬರುವ ಬಸ್ಸು ಬಂದು ಹೋದ ಮೇಲೆ ಎದ್ದು, ದಿನದ ವೇಳೆಗೆ ಮನೆಗೆ ಬಂದೆ. ಆ ಹೊತ್ತಿನಲ್ಲಿ ಒಳಗೆ ಹೋಗಿ ಅವಳ ಪಕ್ಕ ಕೂತಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ನಾನು ಹೋಗಲಿಲ್ಲ, ಗೊತ್ತಿರುವುದು ಅಷ್ಟೇ.

ಜಗಲಿಯ ಮೇಲೆ, ಕಿಟಕಿಯ ಕೆಳಗೆ, ನನ್ನ ಕೊಡೆಯಿಂದ ಸುರಿದ ನೀರು ನಿಂತಿತ್ತು. ನಾಗವೇಣಿ ಬಟ್ಟೆ ತಂದು ಅದನ್ನು ಒರೆಸುತ್ತಿದ್ದಳು.

"ಮಧ್ಯಾಹ್ನ ಬಂದಿದ್ರಾ?"

ಎಷ್ಟೋ ಜನರಿಂದ ಸತ್ಯಕ್ಕೆ ಸಹಿ ಹಾಕಿಸಿದವನು ನಾನು. "ಇಲ್ಲ" ಎಂದೆ.

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ನನ್ನ ಕಡೆ ಬೆನ್ನಿತ್ತು. "ಉದ್ದ ಇದ್ದಾಗ ಪಕ್ಕಕ್ಕೆ ಬರ್ತಿತ್ತು ಅದು, ದಿನಾ" ಎಂದಳು. "ಈಗ ಬರೂದಿಲ್ಲ."

ಬಟ್ಟೆ ಹಿಂಡಿ ಒಳಗೆ ಹೋದಳು. ಅವತ್ತಿನಿಂದ ಮಧ್ಯಾಹ್ನ ಮಲಗುವುದನ್ನು ಬಿಟ್ಟಳು. ದಿಂಬು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಕೂದಲು ಬೆಳೆಯಿತು. ಎಳೆಯುವ ಕೈ ನಿಂತ ಮೇಲೆ ಬೆಳೆಯದೆ ಏನು ಮಾಡುತ್ತದೆ? ಶಿವರಾತ್ರಿಯ ಹೊತ್ತಿಗೆ ಬೋಳು ಜಾಗದಲ್ಲಿ ಹೊಸ ಚಿಗುರು ನಿಮಿರಿ ನಿಂತಿತ್ತು, ವರ್ಷ ತಿರುಗುವುದರೊಳಗೆ ಎಲ್ಲಿ ಬೋಳಿತ್ತೆಂದು ಹುಡುಕಬೇಕಿತ್ತು. ಅಕ್ಕ ಹೊನ್ನಾವರದಲ್ಲಿ ವಿಜಯೋತ್ಸವ ಆಚರಿಸಿದಳು. ಹೆಂಗಸರು ಮಿರ್ಜಾನಿಗೆ ಬಂದು ಗೊಂಪಿನ ಕ್ರಮ ಬರೆಸಿಕೊಂಡು ಹೋದರು. ಕೇಳಿದವರಿಗೆಲ್ಲ ಬರೆದುಕೊಟ್ಟೆ, ಸುಂದರ ಅಕ್ಷರದಲ್ಲಿ: ಮತ್ತಿ ಸೊಪ್ಪು ಎರಡು ಹಿಡಿ, ಬಿಳಿ ದಾಸವಾಳದ ಎಲೆ ಒಂದು ಹಿಡಿ, ಬಿಸಿ ತಾಗಿಸಕೂಡದು. ಗುಣವಾದದ್ದು ಹೇಗೆಂದು ಬರೆಯಲಿಲ್ಲ. ಹತ್ತು ವರ್ಷದಿಂದ ಪ್ರತಿ ಭಾನುವಾರ ನಾನು ಕಿವುಚುತ್ತೇನೆ, ನಾಗವೇಣಿ ಕಲ್ಲಿನ ಮೇಲೆ ಕೂರುತ್ತಾಳೆ, ನಾನು ಎರೆಯುತ್ತೇನೆ. ಕೂದಲು ಮತ್ತೆ ಸೊಂಟ ದಾಟಿದೆ, ಅರ್ಧ ಬಿಳಿಯಾಗಿದೆ. ಉದ್ದವಾದ ಮೇಲೆ ಅದು ಬಂತೇ ಎಂದು ನಾನು ಕೇಳಿಲ್ಲ. ಅವಳು ಮಧ್ಯಾಹ್ನ ಮಲಗುವುದಿಲ್ಲ. ಉತ್ತರ ಅದರಲ್ಲೇ ಇದೆ.

ಕಾಯ್ಕಿಣಿಯ ಜಗಲಿಯಲ್ಲಿ ಇದನ್ನೆಲ್ಲ ಕಿವುಚುತ್ತಿದ್ದಾಗ ಸವಿತಾಳ ಮಗು ಅವಳ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಿತು. ಅವಳು ನೋವಿಗೆ ಮುಖ ಕಿವಿಚಿ ಮಗುವಿನ ಬೆರಳು ಒಂದೊಂದೇ ಬಿಡಿಸತೊಡಗಿದಳು.

"ಇವ ಎಳ್ದೇ ಅರ್ಧ ಖಾಲಿ ಮಾಡ್ದ, ಮಾವ. ಗೊಂಪು ಹಾಕೂದಕ್ಕೂ ಸುಲಭ ಆಗ್ತದೆ, ಗಿಡ್ಡ ಮಾಡಿಸ್ಬಿಡಲಾ ಅಂತ ಇದ್ದೆ. ನೀವು ಅತ್ತೆಗೂ ಹಾಂಗೇ ಮಾಡಿದ್ರಿ ಅಲ್ದಾ?"

ನನ್ನ ಕೈ ನೀರಿನೊಳಗೆ ನಿಂತಿತು. ನಾಗವೇಣಿ ಅವರೆಯ ಮೊರವನ್ನು ಪಕ್ಕಕ್ಕಿಟ್ಟು ಎದ್ದು ಬಂದಳು. ಸವಿತಾಳ ಕೈ ಹಿಡಿದು ಮಗುವಿನ ಮುಷ್ಟಿಯಿಂದ ಆಚೆ ಸರಿಸಿದಳು.

"ಬಿಡಿಸ್ಬೇಡ" ಎಂದಳು. "ಹಿಡ್ಕಳ್ಳಿ."

ಮಗು ಹಿಡಿದೇ ಇತ್ತು. ನಾಗವೇಣಿ ಸ್ವಲ್ಪ ಹೊತ್ತು ಆ ಮುಷ್ಟಿಯನ್ನು ನೋಡುತ್ತಾ ನಿಂತು, ನನ್ನ ಕಡೆ ತಿರುಗದೆ, ಮೊರ ಎತ್ತಿಕೊಂಡು ಒಳಗೆ ಹೋದಳು. ಬೋಗುಣಿಯಲ್ಲಿ ಗೊಂಪು ಆಗಲೇ ಹದಕ್ಕೆ ಬಂದಿತ್ತು, ಸೋಸಬಹುದಿತ್ತು. ನಾನು ಮತ್ತೂ ಕಿವುಚುತ್ತಲೇ ಇದ್ದೆ.